ಹತ್ತು ಅನ್ನಬೇಡ

ಅಕ್ಟೋಬರ್ 3, ಗುರುವಾರ

ಬೆಳಿಗ್ಗೆ ಎದ್ದು ನೋಡಿದರೆ ಕೆಜಿಯಾ ಅಡುಗೆಮನೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಮುಖ ನೋಡಿದ ಕೂಡಲೇ ತಿಳಿಯಿತು. ರಾತ್ರಿ ಚಳಿ ಬಿದ್ದಿದೆ. ಚಳಿ ಬಿದ್ದರೆ ಈ ಹುಡುಗಿಯ ರಕ್ತಕ್ಕೆ ಆಗಿಬರುವುದಿಲ್ಲ. ಹುಟ್ಟಿನಿಂದ ಬಂದ ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಂಡ ಕಡೆ ಮೂಳೆಯೊಳಗೇ ಬೆಂಕಿ. ಐದು ವರ್ಷದವಳಿದ್ದಾಗ ಅವಳೇ ಹೇಳಿದ್ದಳು, "ದೊಡ್ಡಮ್ಮಾ, ನನ್ನ ರಕ್ತ ಒಳಗಡೆ ಜಗಳ ಆಡ್ತಿದೆ" ಎಂದು. ಅವಳ ತಾಯಿ, ನನ್ನ ತಂಗಿ, ತೀರಿಕೊಂಡ ವರ್ಷ ಅದು. ಅಂದಿನಿಂದ ಅವಳು ನನ್ನ ಮಗಳೇ.

"ಆಸ್ಪತ್ರೆಗೆ ಹೋಗ್ಬೇಕು ದೊಡ್ಡಮ್ಮ."

"ಹೋಗೋಣ. ಮೊದ್ಲು ಮುಖ ತೊಳ್ಕೊ."

ಅವಳು ಮುಖ ತೊಳೆದು ಬರುವುದರೊಳಗೆ ಅವಳ ನೀಲಿ ಉಡುಪಿಗೆ ಇಸ್ತ್ರಿ ಹಾಕಿದೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಹಿಡಿದು ನಿಂತೇ ಕೂದಲು ನರೆತವಳು ನಾನು. ಮುದುರಿದ ಬಟ್ಟೆಯಲ್ಲಿ ನನ್ನ ಮನೆಯಿಂದ ಯಾರೂ ಹೊರಗೆ ಕಾಲಿಡುವುದಿಲ್ಲ, ಡಾಕ್ಟರ ಹತ್ತಿರವಂತೂ ಇಲ್ಲವೇ ಇಲ್ಲ. ಇದು ಅಮ್ಮ ಕಲಿಸಿದ್ದು. ಆಗ ಇದೇ ಆಸ್ಪತ್ರೆಯಲ್ಲಿ ಬಿಳಿಯರಿಗೆ ಮುಂದಿನ ಬಾಗಿಲು, ನಮ್ಮಂಥ ಕರಿಯರಿಗೆ ಹಿಂದಿನ ಬಾಗಿಲು. ಆ ಹಿಂದಿನ ಬಾಗಿಲಿಗೂ ಅಮ್ಮ ಬಿಳಿ ಕೈಗವಸು ಹಾಕಿಕೊಂಡು, ಟೋಪಿ ಇಟ್ಟುಕೊಂಡು ಹೋಗುತ್ತಿದ್ದಳು. ಜ್ವರ ಬಂದ ನಮಗೆ ಭಾನುವಾರದ ಬೂಟು ಹಾಕಿಸುತ್ತಿದ್ದಳು. "ಅವರು ಮೊದ್ಲು ನೋಡೋದು ಕಾಯಿಲೆನಲ್ಲ, ನಿಮ್ಮನ್ನ" ಅನ್ನುತ್ತಿದ್ದಳು.

ಕೆಜಿಯಾಳ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿದೆ. ಕಾರಿನಲ್ಲಿ ಪಾಠ ಒಪ್ಪಿಸಿದೆ. ಅಳಬೇಡ. ಔಷಧಿಯ ಹೆಸರು ನೀನಾಗಿ ಎತ್ತಬೇಡ. ಎತ್ತಿದರೆ ಅಮಲಿಗೆ ಬಂದವಳು ಅಂದುಕೊಳ್ಳುತ್ತಾರೆ. ಪ್ರತಿ ಮಾತಿಗೂ 'ದಯವಿಟ್ಟು' ಇರಲಿ. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರೆ ಹತ್ತು ಅನ್ನಬೇಡ. ಹತ್ತು ಅಂದರೆ ಯಾರೂ ನಂಬುವುದಿಲ್ಲ. ಏಳು ಅನ್ನು.

"ಗೊತ್ತು ದೊಡ್ಡಮ್ಮ," ಅಂದಳು, ಕಿಟಕಿಯ ಕಡೆ ನೋಡುತ್ತ.

ಮಧ್ಯಾಹ್ನ ದಾಟುವವರೆಗೆ ಕಾದೆವು. ಕೊನೆಗೆ ಬಂದ ಡಾಕ್ಟರು ಎಳೆಯ ಹುಡುಗ, ಗಡ್ಡ ಈಗಷ್ಟೇ ಮೂಡುತ್ತಿದೆ. ಕೇಳಿದ. ಕೆಜಿಯಾ ನಗುತ್ತ "ಏಳು ಸರ್" ಅಂದಳು. ಅವನೂ ನಕ್ಕ. ಮಾತ್ರೆ ಬರೆದು, ಚೆನ್ನಾಗಿ ನೀರು ಕುಡಿ ಎಂದು ಹೇಳಿ ಮನೆಗೆ ಕಳಿಸಿದ. ಹೊರಡುವಾಗ ಕೌಂಟರಿನ ಹೆಂಗಸು "ಎಷ್ಟು ಒಳ್ಳೆ ನಡತೆಯ ಹುಡುಗಿ" ಅಂದಳು. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು.

ಹತ್ತೊಂಬತ್ತು ತುಂಬುವ ತನಕ ಅವಳಿಗೆ ಸರ್ಕಾರದ ಮಕ್ಕಳ ವಿಮೆ ಇತ್ತು, ದೊಡ್ಡ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಅವಳ ಹೆಸರು ಹಿಡಿದು ಕರೆಯುವ ಡಾಕ್ಟರಿದ್ದರು. ಹತ್ತೊಂಬತ್ತು ತುಂಬಿತು, ಕಾಯಿಲೆ ಹೋಗಲಿಲ್ಲ, ವಿಮೆ ಹೋಯಿತು. ಶಾಲೆಯ ಅಡುಗೆಮನೆಯಲ್ಲಿ ಅವಳದ್ದು ಅರ್ಧ ದಿನದ ಕೆಲಸ, ಅವರೂ ವಿಮೆ ಕೊಡುವುದಿಲ್ಲ. ಅಲಬಾಮಾ ರಾಜ್ಯದ ಬಡವರ ವಿಮೆಯಲ್ಲಿ ಮಕ್ಕಳಿಲ್ಲದ, ದುಡಿಯುವ, ಕಾಯಿಲೆಯ ಹುಡುಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಾಯುವ ಕುರ್ಚಿಯಲ್ಲಿ ಕೂತು ಕೂತು ನನ್ನ ಮೊಣಕಾಲು ಹಿಡಿದುಕೊಂಡಿದೆ. ಏನಿಲ್ಲ, ವಯಸ್ಸು.

ಅಕ್ಟೋಬರ್ 5, ಶನಿವಾರ

ನೋವು ಇಳಿದಿಲ್ಲ. ಈಗ ಬೆನ್ನಿಗೂ ಎದೆಗೂ ಬಂದಿದೆ. "ಮತ್ತೆ ಹೋಗೋಣ್ವಾ?" ಎಂದು ಕೇಳಿದಳು. ಬೇಡ ಅಂದೆ. ಮೊನ್ನೆ ಹೋಗಿ ಇವತ್ತು ಮತ್ತೆ ಹೋದರೆ ಔಷಧಿಗಾಗಿ ಅಲೆಯುವವಳು ಎಂದು ಬರೆದಿಟ್ಟುಕೊಳ್ಳುತ್ತಾರೆ. ಒಮ್ಮೆ ಬರೆದರೆ ಅದು ಅಳಿಸುವ ಮಸಿಯಲ್ಲ. ಸೋಮವಾರದ ತನಕ ತಡೆದುಕೋ ಅಂದೆ. ತಲೆ ಆಡಿಸಿದಳು.

ಪಕ್ಕದ ಮನೆಯ ಅರ್ಲೀನ್ ಬಂದಳು. ಯಥಾಪ್ರಕಾರ ತಲೆಗೆ ಮಲಗುವ ಟೋಪಿ, ಕಾಲಿಗೆ ಬಚ್ಚಲ ಚಪ್ಪಲಿ. ಈ ವೇಷದಲ್ಲಿ ಅವಳು ಬ್ಯಾಂಕಿಗೂ ಹೋಗಿಬರುತ್ತಾಳೆ. ಬೀದಿಯ ಆ ತುದಿಯಿಂದ ಮಾತಾಡಿದರೆ ಈ ತುದಿಯಲ್ಲಿ ನಾಯಿ ಬೊಗಳಬೇಕು, ಅಂಥ ಗಂಟಲು.

"ಅಲ್ಲ ಕಣೇ ವರ್ಡೆಲ್, ಹುಡ್ಗಿ ಬೂದಿ ಬಣ್ಣಕ್ಕೆ ತಿರುಗ್ತಿದಾಳೆ, ನೀನು ಶುಂಠಿ ಟೀ ಕಾಯಿಸ್ತಾ ಕೂತಿದೀಯ?"

"ಡಾಕ್ಟರು ನೋಡಿ ಕಳಿಸಿದಾರೆ."

"ನೋಡಿದ್ದೇನು, ಇವಳ ಉಡುಪನ್ನ ನೋಡಿರ್ತಾರೆ! ನನ್ನ ಗಂಡನಿಗೆ ಎದೆ ನೋವು ಬಂದಾಗ ನಾನೇನು ಮಾಡ್ದೆ? ಬಾಗಿಲಲ್ಲೇ ನಿಂತು ಕಿರುಚಿದೆ. 'ನನ್ನ ಗಂಡ ಸಾಯ್ತಿದಾನೆ, ಯಾರಾದ್ರೂ ಬರ್ತೀರೋ, ಇಲ್ಲಾ ನಾನೇ ಕೊಯ್ದು ನೋಡ್ಲೋ' ಅಂತ. ಇಬ್ರು ಓಡಿ ಬಂದ್ರು."

"ಇಬ್ಬರಲ್ಲೊಬ್ಬ ಕಾವಲಿನವನು," ಅಂದೆ. "ನಿನ್ನನ್ನ ಹೊರಗೆ ದಬ್ಬೋಕೆ ಬಂದವನು. ಊರಿಗೆಲ್ಲ ಗೊತ್ತು."

"ದಬ್ಬಿದ. ಆದ್ರೆ ಗಂಡ ಒಳಗೆ ಹೋದ್ನಲ್ಲ!"

ಅವಳು ಹೋದ ಮೇಲೆ ಕೆಜಿಯಾಳಿಗೆ ಹೇಳಿದೆ, ಹೀಗೆ ಮಾಡುವವರಿಂದಲೇ ನಮಗೆಲ್ಲ ಕೆಟ್ಟ ಹೆಸರು ಎಂದು. ಕೆಜಿಯಾ ಗೋಡೆಯ ಕಡೆ ತಿರುಗಿ ಮಲಗಿದಳು.

ಅಕ್ಟೋಬರ್ 6, ಭಾನುವಾರ

ಬೆಳಗಿನಿಂದ ಕೆಜಿಯಾಳ ಕೋಣೆಯಲ್ಲಿ ಸದ್ದಿಲ್ಲ. ನೋವು ಇಳಿದಂತಿದೆ. ದೇವರು ದೊಡ್ಡವನು. ಚರ್ಚಿಗೆ ಹೊರಟೆ.

ಅಕ್ಟೋಬರ್ 7, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಬರೆಯದೆ ಇದ್ದರೆ ಮುಂದೆ ನಾನೇ ಇದಕ್ಕೊಂದು ಚಂದದ ರೂಪ ಕೊಟ್ಟುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ.

ಚರ್ಚಿನಲ್ಲಿ ಎಲ್ಲರೂ ಕೆಜಿಯಾಳನ್ನು ಕೇಳಿದರು. ಪರವಾಗಿಲ್ಲ, ಸ್ವಲ್ಪ ಸುಸ್ತು ಅಂದೆ. ಮನೆಗೆ ಬಂದಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಬಚ್ಚಲಮನೆಯ ನೆಲದ ಮೇಲೆ ಬಿದ್ದಿದ್ದಳು, ಬಾಯಲ್ಲಿ ಟವೆಲ್ ಕಚ್ಚಿಕೊಂಡು. ಹಲ್ಲು ಊರಿದ ಜಾಗದಲ್ಲಿ ಟವೆಲ್ ಹರಿದಿತ್ತು. ನಾನು ಮನೆಯಲ್ಲಿ ಇಲ್ಲದಾಗಲೂ ಅವಳು ಸದ್ದು ಮಾಡಿರಲಿಲ್ಲ. ಬೆಳಗಿನಿಂದ ಸದ್ದಿಲ್ಲ, ಸದ್ದಿಲ್ಲ ಎಂದು ನಾನು ದೇವರಿಗೆ ಕೈಮುಗಿದದ್ದು ಆ ಟವೆಲಿಗಾಗಿ.

ಮೈ ಸುಡುತ್ತಿತ್ತು. ಕೆಮ್ಮು. ಉಸಿರು ಸಣ್ಣದಾಗಿ, ಮೇಲೆಮೇಲೆ.

ಇನ್ನು ಇದನ್ನು ಬರೆಯಲೇಬೇಕು. ಅವಳನ್ನು ಎತ್ತಿ ಕೂರಿಸಿ ನಾನು ಮಾಡಿದ ಮೊದಲ ಕೆಲಸ ಇಸ್ತ್ರಿಪೆಟ್ಟಿಗೆಯ ಗುಂಡಿ ಒತ್ತಿದ್ದು. ಅವಳು ಗೋಡೆಗೊರಗಿ ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಒಂದು ಬಿಳಿ ಅಂಗಿಯ ಕಾಲರ್ ನೇರ ಮಾಡುತ್ತಿದ್ದೆ. ಆಮೇಲೆ ಅವಳ ಮುಖ ಹಿಡಿದು ತುಟಿಗೆ ಬಣ್ಣ ಹಚ್ಚಿದೆ. ತುಟಿ ಕಳೆಗುಂದಿದೆ ಅನ್ನಿಸಿತ್ತು. ಅದಕ್ಕೇ ಇನ್ನೊಂದು ಸಲ ಹಚ್ಚಿದೆ.

ಆಸ್ಪತ್ರೆಯಲ್ಲಿ ಕೂತಿರಿ ಅಂದರು. ಕೂತೆವು, ಬೆನ್ನು ನೇರ ಮಾಡಿಕೊಂಡು, ಫೋಟೋ ತೆಗೆಸಿಕೊಳ್ಳಲು ಬಂದವರ ಹಾಗೆ. ನಮ್ಮ ಎದುರಿಗೆ ಬೆರಳು ಕೊಯ್ದುಕೊಂಡ ಒಬ್ಬ ಬಿಳಿಯ. ಅವನು ಕೌಂಟರ್ ಬಡಿದು ಕೂಗಾಡಿದ. ಅವನನ್ನು ಒಳಗೆ ಕರೆದರು. ಕೆಜಿಯಾ ನನ್ನ ಕೈ ಹಿಡಿದು ನರಳಿದಳು, ಜೋರಾಗಿಯೂ ಅಲ್ಲ. ನಾನು ಅಂದೆ, "ಶ್! ಎಲ್ರೂ ನೋಡ್ತಿದಾರೆ."

ಅದೇ ನಾನು ಅವಳಿಗೆ ಹೇಳಿದ ಕೊನೆಯ ಮಾತು. ಅವಳು ಕುರ್ಚಿಯಿಂದ ಜಾರಿ ಬಿದ್ದಳು. ಆಗ ಎಲ್ಲರೂ ಓಡಿ ಬಂದರು.

ಡೆಲ್ಫೀನ್ ಎಂಬ ನರ್ಸ್, ನಮ್ಮವಳೇ, ನಡುವಯಸ್ಸಿನವಳು. ಅವಳು ಬಟ್ಟೆಯ ತುಂಡಿನಿಂದ ಕೆಜಿಯಾಳ ತುಟಿ ಒರೆಸಿದಳು. ಕೆಂಪು ಹೋದ ಮೇಲೆ ಕೆಳಗಿದ್ದದ್ದು ನೇರಳೆ. ನರ್ಸ್ ಒಂದು ಕ್ಷಣ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಎದೆಗೆ ಇಳಿದಿದೆಯಂತೆ. ಶ್ವಾಸಕೋಶದ ನಾಳಗಳು ಕಟ್ಟಿವೆಯಂತೆ. ಉಸಿರಿಗೆ ಕೊಳವೆ ಹಾಕಿದ್ದಾರೆ. ದೊಡ್ಡ ಡಾಕ್ಟರು ಕೇಳಿದರು, "ಇಷ್ಟು ಜೋರಾಗಿದೆ ಅಂತ ನೀವು ಯಾಕೆ ಹೇಳಲಿಲ್ಲ?" ಒಳ್ಳೆಯ ಮನುಷ್ಯ, ದನಿಯಲ್ಲಿ ಕೋಪವಿರಲಿಲ್ಲ. ನನ್ನ ಬಾಯಿಂದ ಬಂದದ್ದು, "ಕ್ಷಮಿಸಿ ಸರ್" ಎಂದು. ಆಗಲೂ ಮರ್ಯಾದೆಯಾಗಿಯೇ ಹೇಳಿದೆ.

ಅಕ್ಟೋಬರ್ 8, ಮಂಗಳವಾರ

ಹಾಗೇ ಇದ್ದಾಳೆ.

ಅಕ್ಟೋಬರ್ 10, ಗುರುವಾರ

ಅರ್ಲೀನ್ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ತಂದಳು. ತಲೆಗೆ ಅದೇ ಟೋಪಿ. ನನ್ನ ಪಕ್ಕ ಕೂತು, ಅವಳ ಜನ್ಮದಲ್ಲಿ ಮೊದಲ ಬಾರಿಗೆ, ಸುಮ್ಮನಿದ್ದಳು. ನನಗೆ ತಡೆಯಲಾಗಲಿಲ್ಲ. ಇಸ್ತ್ರಿ, ತುಟಿಯ ಬಣ್ಣ, ಶ್ ಎಂದದ್ದು, ಎಲ್ಲ ಹೇಳಿದೆ. ನಾನೇ ಕೊಂದೆ ಅಂದೆ.

"ಇನ್ನೂ ಸತ್ತಿಲ್ಲ, ಬಾಯಿ ಬಿಗಿ ಹಿಡಿ," ಅಂದಳು. ರೊಟ್ಟಿ ಮುರಿದು ನನ್ನ ಮುಂದಿಟ್ಟು, "ತಪ್ಪು ಮಾಡ್ದೆ ಕಣೇ. ನಾನು ಇಲ್ಲ ಅನ್ನಲ್ಲ. ಆದ್ರೆ ನೀನೊಬ್ಳೇ ಮಾಡಿದ್ದು ಅಂತ ಎಲ್ಲನೂ ನಿನ್ನ ತಲೆ ಮೇಲೆ ಎಳ್ಕೊಂಡ್ರೆ ಇವರು ಕೈ ತೊಳ್ಕೊಂಡು ಊಟಕ್ಕೆ ಹೋಗ್ತಾರೆ. ಅದೂ ಬೇಡ."

ಅವಳ ಮಾತು ಸರಿಯಿರಬಹುದು. ಸರಿಯಾದ ಮಾತಿನಿಂದ ನನಗೇನೂ ಸಮಾಧಾನವಾಗಲಿಲ್ಲ. ಅಮ್ಮನ ಮೇಲೆ ಸಿಟ್ಟು ಬಂತು, ಕೈಗವಸಿನ ಮೇಲೆ ಸಿಟ್ಟು ಬಂತು. ಕೂಡಲೇ ನಾಚಿಕೆಯಾಯಿತು. ಹಿಂದಿನ ಬಾಗಿಲಲ್ಲಿ ನಿಂತವಳ ಕೈಯಲ್ಲಿ ಇದ್ದದ್ದೇ ಆ ಕೈಗವಸು ಒಂದು. ನನಗೆ ಮುಂದಿನ ಬಾಗಿಲು ತೆರೆದಿತ್ತು. ನಾನು ಒಳಗೆ ಹೋಗಿಯೂ ಹಿಂದಿನ ಬಾಗಿಲಲ್ಲೇ ನಿಂತಿದ್ದೆ.

ರೊಟ್ಟಿ ತಿನ್ನಲಾಗಲಿಲ್ಲ. ಎದ್ದು ನಿಲ್ಲುವಾಗ ಅರ್ಲೀನ್ ತೋಳು ಹಿಡಿದು, ಮೊಣಕಾಲು ಹೇಗಿದೆ ಅಂದಳು. ಏನಿಲ್ಲ ಅಂದೆ. ಈಗ ಯಾರಿಗೆ ಬೇಕು ಅದು.

ಅಕ್ಟೋಬರ್ 12, ಶನಿವಾರ

ಕೊಳವೆ ತೆಗೆದರು. ಬದುಕಿದ್ದಾಳೆ. ಬದುಕಿದ್ದಾಳೆ.

ಗಂಟಲು ಗೊರಗೊರ ಅನ್ನುತ್ತಿತ್ತು. ಬಗ್ಗಿ ಕಿವಿ ಕೊಟ್ಟೆ. ನೀರು ಕೇಳುತ್ತಾಳೆ ಅಂದುಕೊಂಡೆ.

"ದೊಡ್ಡಮ್ಮ, ನಾನು ಗಲಾಟೆ ಮಾಡಿದ್ನಾ?"

ಇಲ್ಲ ಮಗಳೇ ಅಂದೆ. ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ಹೊರಗೆ ಬಂದು ಕೊಳೆಬಟ್ಟೆಯ ಗಾಡಿಯ ಹಿಂದೆ ನಿಂತು ಅತ್ತೆ. ಅಲ್ಲಿಯೂ ಬಾಯಿಗೆ ಕೈ ಅಡ್ಡ ಹಿಡಿದಿದ್ದೆ.

ಅಕ್ಟೋಬರ್ 15, ಮಂಗಳವಾರ

ನರ್ಸ್ ಡೆಲ್ಫೀನ್ ಬಿಡುವಿನಲ್ಲಿ ಬಂದು ಹತ್ತಿರ ಕೂತಳು. ಬರುವ ತಿಂಗಳು ಆಸ್ಪತ್ರೆಯ ಮಂಡಳಿ ಸಭೆ ಸೇರುತ್ತದಂತೆ. ಒಂದು ಹೊಸ ನಿಯಮದ ಮಾತಿದೆ: ಸಿಕಲ್ ಸೆಲ್ ಇರುವವರು ತುರ್ತು ವಿಭಾಗಕ್ಕೆ ಬಂದರೆ ಒಂದು ಗಂಟೆಯೊಳಗೆ ನೋವಿನ ಔಷಧಿ ಕೊಡಬೇಕು. ಅನುಮಾನ, ವಿಚಾರಣೆ ಆಮೇಲೆ. ಊರಿನವರೂ ಮಾತಾಡಬಹುದು, ತಲೆಗೆ ಮೂರು ನಿಮಿಷ.

"ನೀವು ಬನ್ನಿ ಮಿಸ್ ವರ್ಡೆಲ್. ನಾನು ಹೇಳಿದ್ರೆ ನೌಕರಿಯವಳ ಮಾತು. ನೀವು ಹೇಳಿದ್ರೆ ಕೇಳ್ತಾರೆ."

"ನಾನು ಯಾವ ಮುಖ ಇಟ್ಕೊಂಡು ಹೇಳ್ಲಮ್ಮಾ? ಅವಳ ಬಾಯಿ ಮುಚ್ಚಿಸಿದವಳೇ ನಾನು."

ಡೆಲ್ಫೀನ್ ಕೈಯ ಉಗುರು ನೋಡಿಕೊಳ್ಳುತ್ತ ಕೂತಳು. ಆಮೇಲೆ ಹೇಳಿದಳು, "ನನ್ನ ಮಗನಿಗೆ ಪೋಲೀಸಿನವರು ನಿಲ್ಲಿಸಿದ್ರೆ ಕೈ ಎಲ್ಲಿಡಬೇಕು ಅಂತ ಹೇಳ್ಕೊಟ್ಟಿದೀನಿ. ಸರ್ ಅನ್ನು, ನಗು ಅಂತ. ಹೇಳ್ಕೊಡದೆ ಇದ್ರೆ ಭಯ. ಹೇಳ್ಕೊಟ್ರೆ ನಾಚಿಕೆ. ನಿಮ್ಮನ್ನ ನೋಡಿದ ದಿನ ಬೈಬೇಕು ಅನ್ಸಿತ್ತು. ಮನೆಗೆ ಹೋಗಿ ಯೋಚ್ನೆ ಮಾಡ್ದೆ, ಬೈಗುಳ ಬಾಯಲ್ಲೇ ಉಳೀತು."

ಬರುತ್ತೇನೆ ಅಂದೆ.

ಅಕ್ಟೋಬರ್ 29, ಮಂಗಳವಾರ

ಕೆಜಿಯಾ ಮನೆಗೆ ಬಂದು ವಾರದ ಮೇಲಾಯಿತು. ಮೆಟ್ಟಿಲು ಹತ್ತಿದರೆ ಕೂರುತ್ತಾಳೆ. ನಾನು ಮಾಡುವ ಗೆಣಸಿನ ಪೈ ತಿನ್ನುತ್ತಾಳೆ, ನನ್ನ ಸಂತೋಷಕ್ಕೆ.

ಸಭೆಯಲ್ಲಿ ಓದಬೇಕಾದದ್ದನ್ನು ಬರೆದು ಮುಗಿಸಿದೆ. ಕೆಜಿಯಾಳಿಗೆ ತೋರಿಸಿದೆ. ಓದಿದಳು, ಮಡಚಿದಳು, ವಾಪಸು ಕೊಟ್ಟಳು.

"ಹೇಗಿದೆ?"

"ಅವರಿಗೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದೀಯ."

"ಮರ್ಯಾದೆ ಬೇಡ್ವಾ?"

"ಚೆನ್ನಾಗಿದೆ ದೊಡ್ಡಮ್ಮ. ಇದೂ ಏಳು ಅಂತಾನೇ ಹೇಳುತ್ತೆ."

ಅಷ್ಟು ಹೇಳಿ ಟಿವಿ ಹಾಕಿದಳು. ನನಗೆ ಸಿಟ್ಟು ಬಂತು. ಹೀಗೆ ತಿರುಗಿ ಮಾತಾಡುವುದನ್ನು ಯಾವಾಗ ಕಲಿತಳು? ಪಾತ್ರೆ ತೊಳೆಯುವಾಗ ಒಂದು ಬಟ್ಟಲು ಒಡೆದೆ. ಆಮೇಲೆ ಬರೆದದ್ದರಲ್ಲಿ ಎರಡು ಥ್ಯಾಂಕ್ಸ್ ಹೊಡೆದು ಹಾಕಿದೆ. ಎರಡು ಉಳಿಸಿದೆ.

ನವೆಂಬರ್ 8, ಶುಕ್ರವಾರ

ನಿನ್ನೆ ಸಭೆ. ಒಂದೊಂದಾಗಿ ಬರೆಯುತ್ತೇನೆ.

ಬೂದು ಸೂಟು, ಟೋಪಿ, ಕೈಗವಸು ಹಾಕಿಕೊಂಡೆ. ಕೆಜಿಯಾಳ ನೀಲಿ ಉಡುಪಿಗೂ ಇಸ್ತ್ರಿ ಹಾಕಿದೆ. ಕರವಸ್ತ್ರಕ್ಕೂ ಹಾಕಿದೆ. ಅವಳು ತೊಟ್ಟುಕೊಂಡಳು. ತುಟಿಗೆ ಬಣ್ಣ ಹಚ್ಚಲು ನಾನೂ ಹೋಗಲಿಲ್ಲ, ಅವಳೂ ಕೇಳಲಿಲ್ಲ. ಅರ್ಲೀನ್ ಕಾರಿನ ಹಿಂದಿನ ಸೀಟಿನಲ್ಲಿ, ಟೋಪಿ ಚಪ್ಪಲಿ ಸಮೇತ. ಅವಳಿಗೆ ಬೇರೆ ಬಟ್ಟೆ ಹಾಕು ಅನ್ನಬೇಕೆಂದಿದ್ದೆ, ಯಾಕೋ ಅನ್ನಲಿಲ್ಲ.

ಸಭೆ ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲೇ. ಉದ್ದ ಮೇಜು, ಆಚೆ ಮಂಡಳಿಯವರು, ನಡುವೆ ಅಧ್ಯಕ್ಷ ಮಿಸ್ಟರ್ ಹ್ಯಾಸ್ಕೆಲ್. ಅವರ ಸೂಟು ನಮ್ಮ ಅಂಗಡಿಗೇ ಬರುವುದು. ಕೋಣೆ ಐಸ್ ಪೆಟ್ಟಿಗೆಯ ಹಾಗೆ ತಣ್ಣಗಿತ್ತು. ಒಬ್ಬ ಸದಸ್ಯ ಹೇಳಿದ, "ಮೊದ್ಲು ಕೊಟ್ಟು ಆಮೇಲೆ ಕೇಳಿದ್ರೆ ಅಮಲಿನವರೆಲ್ಲ ಇಲ್ಲಿಗೇ ಸಾಲು ನಿಲ್ತಾರೆ. ನಿಜವಾಗಿ ನೋವಿರೋರು ಯಾರು, ನಾಟಕ ಆಡೋರು ಯಾರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ತಲೆಗಳು ಆಡಿದವು.

'ವರ್ಡೆಲ್ ಟಾಲಿವರ್' ಎಂದು ನನ್ನ ಹೆಸರು ಕರೆದರು. ಹಾಳೆ ಬಿಡಿಸಿ ಮೈಕಿನ ಮುಂದೆ ನಿಂತೆ. ಮೊದಲ ಥ್ಯಾಂಕ್ಸ್ ಹೇಳಿದೆ. ಹ್ಯಾಸ್ಕೆಲ್ ನಕ್ಕು ತಲೆಬಾಗಿದರು. ಓದುತ್ತ ಒಮ್ಮೆ ಕಣ್ಣೆತ್ತಿದೆ, ಕೆಜಿಯಾಳನ್ನು ನೋಡಲು.

ಅವಳು ಬೆನ್ನು ನೇರ ಮಾಡಿಕೊಂಡು ಕೂತಿದ್ದಳು. ಬಾಯಲ್ಲಿ ನಾನು ಇಸ್ತ್ರಿ ಹಾಕಿದ ಕರವಸ್ತ್ರ. ದವಡೆ ಬಿಗಿದಿತ್ತು. ಆ ಚಳಿಗೆ ಅವಳ ರಕ್ತ ಮತ್ತೆ ಜಗಳ ತೆಗೆದಿತ್ತು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ನನ್ನ ಭಾಷಣ ಕೆಡಬಾರದು ಎಂದು ನಗುತ್ತಿದ್ದಳು.

ಹಾಳೆ ಕೆಳಗಿಟ್ಟೆ.

"ಕೆಜಿಯಾ, ಅದನ್ನ ಬಾಯಿಂದ ತೆಗಿ."

ಇಡೀ ಕೋಣೆ ತಿರುಗಿ ನೋಡಿತು. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂದು.

"ತೆಗಿ ಮಗಳೇ. ಗಲಾಟೆ ಮಾಡು."

ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು, ಇದು ನಿಜವೋ ಪರೀಕ್ಷೆಯೋ ಎಂದು. ನಾನು ಹೇಳಿದೆ, "ನಾನು ಹೇಳ್ಕೊಟ್ಟಿದ್ದು ತಪ್ಪು. ಇವರು ಕೇಳ್ಲಿ. ನಾನೂ ಕೇಳ್ತೀನಿ."

ಆಗ ಅವಳು ಕೂಗಿದಳು.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಹೆತ್ತವಳಿಗಿಂತ ಹೆಚ್ಚು ವರ್ಷ ಜೊತೆಗಿದ್ದವಳು ನಾನು. ಆ ಸದ್ದು ನಿನ್ನೆಯೇ ಮೊದಲು ಕೇಳಿದ್ದು. ಇಷ್ಟು ವರ್ಷ ಅದು ಅವಳೊಳಗೇ ಇತ್ತು, ನಾನು ಮುಚ್ಚಳ ಒತ್ತಿ ಹಿಡಿದಿದ್ದೆ. ಮೇಜಿನಾಚೆ ಒಬ್ಬಾಕೆ ಕಿವಿ ಮುಚ್ಚಿಕೊಂಡಳು. ನಾಟಕದ ಮಾತಾಡಿದವನು ಎದ್ದು ನಿಂತಿದ್ದ.

"ಮಿಸ್ ಟಾಲಿವರ್, ದಯವಿಟ್ಟು..." ಅಂದರು ಹ್ಯಾಸ್ಕೆಲ್. ಬಾಗಿಲಿನ ಕಾವಲಿನವನು ಮುಂದೆ ಬಂದ.

"ನನ್ನ ಮೂರು ನಿಮಿಷ ಇನ್ನೂ ಮುಗಿದಿಲ್ಲ ಸ್ವಾಮಿ," ಅಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಉಳಿದಿದ್ದು ಅವಳದು. ಇದು ಹತ್ತು. ಕೇಳಿಸ್ಕೊಳ್ಳಿ. ಹತ್ತು ಅಂದ್ರೆ ಹಿಂಗಿರತ್ತೆ. ನಾನು ಇವಳಿಗೆ ಏಳು ಅನ್ನು ಅಂತ ಹೇಳ್ಕೊಟ್ಟಿದ್ದೆ, ನೀವು ನಂಬಲಿ ಅಂತ. ನೀವು ಏಳನ್ನ ನಂಬಿ ಮನೆಗೆ ಕಳಿಸಿದ್ರಿ."

ಕಾವಲಿನವನಿಗೆ ಅಡ್ಡವಾಗಿ ಅರ್ಲೀನ್ ನಿಂತಿದ್ದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು. "ಮುಟ್ಟು ನೋಡೋಣ. ನಮ್ಮಿಬ್ರಿಗೂ ಹಳೇ ಪರಿಚಯ ಇದೆ ಅಲ್ವೇನಪ್ಪಾ?"

ಡೆಲ್ಫೀನ್ ಗಾಲಿಕುರ್ಚಿ ತಂದಳು. ಕೆಳಗಿಳಿಸಿ, ಕಾಗದಪತ್ರ ಕೇಳುವ ಮೊದಲೇ ಸೂಜಿ ಹಾಕಿದರು. ಕುರ್ಚಿಯಲ್ಲಿ ಕೂರು ಎಂದು ಯಾರೂ ಅನ್ನಲಿಲ್ಲ. ಅಷ್ಟು ಬೇಗ ಅವಳಿಗೆ ಎಂದೂ ಔಷಧಿ ಸಿಕ್ಕಿರಲಿಲ್ಲ. ಅಧ್ಯಕ್ಷರೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರಲ್ಲ.

ಎಳೆಯ ಡಾಕ್ಟರು, ಅವನೇ, ಕೇಳಿದ: ನೋವು ಎಷ್ಟು? ಕೆಜಿಯಾ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ.

"ಹತ್ತು," ಅಂದಳು. ಉಸಿರು ತೆಗೆದುಕೊಂಡು, "ಹನ್ನೊಂದಿದ್ರೆ ಅದನ್ನೇ ಬರ್ಕೊಳ್ಳಿ."

ನಗು ಬಂತು, ಅದರ ಹಿಂದೆಯೇ ಅಳು. ಈ ಸಲ ಬಾಯಿಗೆ ಕೈ ಅಡ್ಡ ಇಟ್ಟೆನೋ ಇಲ್ಲವೋ, ನೆನಪಿಲ್ಲ.

ನವೆಂಬರ್ 11, ಸೋಮವಾರ

ಕೆಜಿಯಾ ಮನೆಗೆ ಬಂದಳು, ಈ ಸಲ ಎದೆಗೆ ಇಳಿಯಲಿಲ್ಲ. ಬೇಗ ಕೊಟ್ಟದ್ದರಿಂದ ಅಂದಳು ಡೆಲ್ಫೀನ್. ಅಂದರೆ ಹೋದ ತಿಂಗಳೂ ಹೀಗೇ ಆಗಬಹುದಿತ್ತು.

ಇನ್ನೊಂದು ಕೊರೆಯುತ್ತಿದೆ. ಅವಳ ನೋವನ್ನು ಅಷ್ಟು ಜನರ ಮುಂದೆ ಹರಡಿದೆನಲ್ಲ, ಸಂತೆಯಲ್ಲಿ ಬಟ್ಟೆ ಹರಡಿದ ಹಾಗೆ. ಅದಕ್ಕೂ ನನಗೇನು ಹಕ್ಕು? ಮೊದಲು ಬಾಯಿ ಮುಚ್ಚಿಸಿದ್ದೂ ನಾನೇ, ಆಮೇಲೆ ತೆರೆಸಿದ್ದೂ ನಾನೇ. ಕೇಳಿಯೇಬಿಟ್ಟೆ.

"ನಿನಗೆ ಅವಮಾನ ಆಯ್ತಾ?"

"ಆಯ್ತು," ಅಂದಳು. ಪೈ ತಿನ್ನುತ್ತಿದ್ದಳು. "ಆಮೇಲೆ ಹಗುರ ಆಯ್ತು. ದೊಡ್ಡಮ್ಮ, ಆವಾಗ ನೀನು ಶ್ ಅಂದಿದ್ದು ನಂಗೆ ನೆನಪಿದೆ."

"ಗೊತ್ತು."

"ಮರೆಯಲ್ಲ ನಾನು. ಸಿಟ್ಟಿನಿಂದ ಹೇಳ್ತಿಲ್ಲ. ನೀನು ಹೆದರಿದ್ದೆ ಅಂತಾನೂ ಗೊತ್ತು. ಎರಡೂ ನೆನಪಿಟ್ಕೊಂಡಿರ್ತೀನಿ."

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ತುಂಡು ಹಾಕಿದೆ.

ನವೆಂಬರ್ 24, ಭಾನುವಾರ

ಮಂಡಳಿ ನಿಯಮ ಒಪ್ಪಿದೆ, ಆರು ತಿಂಗಳ ಪ್ರಯೋಗಕ್ಕೆ. ನಮ್ಮ ರಕ್ತದಲ್ಲಿ ಈ ಕಾಯಿಲೆ ಎಷ್ಟೋ ತಲೆಮಾರುಗಳಿಂದ ಇದೆ, ಅವರು ನಮ್ಮನ್ನು ನಂಬಲು ಆರು ತಿಂಗಳು ಪ್ರಯೋಗ ಮಾಡುತ್ತಾರೆ. ವಿಮೆಯ ಬಾಗಿಲಂತೂ ಮುಚ್ಚಿದ್ದು ಮುಚ್ಚಿಯೇ ಇದೆ; ಅದರ ಬೀಗದ ಕೈ ರಾಜಧಾನಿ ಮಾಂಟ್‌ಗೊಮರಿಯಲ್ಲಿ ಶಾಸಕರ ಹತ್ತಿರ ಇದೆ. ಅಲ್ಲಿಗೂ ಹೋಗೋಣ, ನನ್ನ ಗಂಟಲಿನ್ನೂ ಗಟ್ಟಿಯಿದೆ ಅನ್ನುತ್ತಾಳೆ ಅರ್ಲೀನ್. ಹೋಗೋಣ ಅಂದೆ.

ಚರ್ಚಿನಿಂದ ಬಂದು ಸಕ್ಕರೆ ತರಲು ಮೂಲೆ ಅಂಗಡಿಗೆ ಹೋಗಿದ್ದೆ. ವಾಪಸು ಬರುವಾಗ ಕೆಜಿಯಾ ಮೆಟ್ಟಿಲ ಮೇಲೆ ಕೂತು ನನ್ನ ಕಾಲಿನ ಕಡೆ ನೋಡಿ ನಗುತ್ತಿದ್ದಳು. ಬಚ್ಚಲ ಚಪ್ಪಲಿಯಲ್ಲೇ ಹೋಗಿಬಂದಿದ್ದೆ. ಅದರಲ್ಲಿ ನಗುವಂಥದ್ದೇನು, ಅಂಗಡಿ ಹತ್ತಿರವೇ ಇದೆ.

"ಕುಂಟ್ತಿದೀಯ," ಅಂದಳು.

"ಏನಿಲ್ಲ."

"ದೊಡ್ಡಮ್ಮ. ಎಷ್ಟು?"

ಸಕ್ಕರೆ ಇಟ್ಟು ಬರ್ತೀನಿ ಎಂದು ಒಳಗೆ ಬಂದೆ. ತುಟಿಯ ಬಣ್ಣ ಇನ್ನೂ ಕನ್ನಡಿಯ ಮುಂದೆಯೇ ಇದೆ. ಎಸೆದಿಲ್ಲ, ಮುಟ್ಟಿಯೂ ಇಲ್ಲ. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ನಿಲ್ಲಲಾಗಲಿಲ್ಲ, ಕೂತೆ.

ಮೊಣಕಾಲು ನೋಯುತ್ತಿದೆ. ತುಂಬ ನೋಯುತ್ತಿದೆ. ಬಹಳ ವರ್ಷಗಳಿಂದ ನೋಯುತ್ತಿದೆ.